ನಕ್ಷತ್ರ ಆಮೆಗೆ ತಕ್ಕ ಮನೆ

ಆಮೆಗಳೆಲ್ಲವೂ ನೀರಿನಲ್ಲಿಯೇ ಬಾಳುವುವೆಂಬ ಭಾವನೆ ಸಾಮಾನ್ಯವಾಗಿದೆ. ಮತ್ತೋಡಿನಂತಹ ಬಯಲುಸೀಮೆಯ ಮಕ್ಕಳಿಗೆ, ಹೊಲದ ಬದುವಿನಲ್ಲಿ ಆಮೆ ಕಂಡರೆ ಅದನ್ನು ಕೆರೆಗೋ ಬಾವಿಗೋ ಬಿಡಬೇಕೆನ್ನಿಸುವುದು ಸಹಜ. ಆದರೆ ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದಂತೆ ಹರಡಿ, ಕಾಲುಗಳು ಆನೆಯ ಕಾಲಿನಂತಿದ್ದರೆ ಅದು ನೆಲದಲ್ಲಿ ಬಾಳುವ ನಕ್ಷತ್ರ ಆಮೆ. ಜಾಲಪಾದವಿಲ್ಲದ ಆ ಜೀವಿ ಆಳವಾದ ನೀರಿನಲ್ಲಿ ಮುಳುಗಿ ಸಾಯಬಹುದು.

ಹುಲ್ಲು, ಎಲೆ, ಹೂಗಳೇ ಅದರ ಮುಖ್ಯ ಆಹಾರ. ಬೆಳಗಿನ ಬಿಸಿಲೂ ಮಧ್ಯಾಹ್ನದ ಪೊದೆಯ ನೆರಳೂ ಅದಕ್ಕೆ ಅವಶ್ಯ. ಬಿಸಿಲು ಕಾಣದ ಪೆಟ್ಟಿಗೆಯಲ್ಲಿ ಅದರ ಚಿಪ್ಪು ಮೆತ್ತಗಾಗುತ್ತದೆ.

ಮನೆಯಲ್ಲಿದ್ದರೆ ಐಶ್ವರ್ಯ ಬರುವುದೆಂಬ ನಂಬಿಕೆಯೂ ವಿದೇಶಗಳ ಬೇಡಿಕೆಯೂ ಇದರ ಕಳ್ಳಸಾಗಣೆಗೆ ಕಾರಣವಾಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದನ್ನು ಹಿಡಿದು ಸಾಕುವುದು ಅಪರಾಧ. 2019ರಲ್ಲಿ ಸೈಟಿಸ್ ಒಪ್ಪಂದವೂ ಇದಕ್ಕೆ ಅತ್ಯುನ್ನತ ರಕ್ಷಣೆ ನೀಡಿತು. ಆದುದರಿಂದ ಕಂಡ ಆಮೆಯನ್ನು ಕಂಡಲ್ಲಿಯೇ ಬಿಡತಕ್ಕದ್ದು. ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸತಕ್ಕದ್ದು. ಬೇಲಿಸಾಲಿನ ಕುರುಚಲನ್ನು ಸುಡದೆ ಉಳಿಸುವುದೇ ಅದಕ್ಕೆ ಕಟ್ಟಿಕೊಡಬಹುದಾದ ಸರಿಯಾದ ಮನೆ.