ಬೆಟ್ಟಾ ಮೀನು ಉಣ್ಣದಿದ್ದರೆ

ಗಾಜಿನ ತೊಟ್ಟಿಯ ಬೆಟ್ಟಾ ಮೀನು ಎರಡು ದಿನ ಆಹಾರದ ಕಾಳನ್ನು ಮುಟ್ಟದಿದ್ದರೆ ಮಕ್ಕಳ ಮುಖ ಬಾಡುವುದು; ಹಿರಿಯರು ಕನಿಕರದಿಂದ ಇನ್ನಷ್ಟು ಸುರಿಯುವರು. ಈ ಕನಿಕರವೇ ಅಪಾಯಕರವೆಂದು ವಾಚಕರಿಗೆ ನಾವು ತಿಳಿಸಬಯಸುತ್ತೇವೆ. ಉಳಿದ ಕಾಳು ಕೊಳೆತು ನೀರು ವಿಷವಾಗುವುದು.

ಈ ಮೀನಿನ ತವರು ಸಯಾಂ, ಅಂದರೆ ಇಂದಿನ ಥಾಯ್ಲೆಂಡಿನ ಬೆಚ್ಚನೆಯ ಗದ್ದೆಗಳು. ಅದಕ್ಕೆ 24ರಿಂದ 28 ಡಿಗ್ರಿ ಸೆಂಟಿಗ್ರೇಡಿನ ನೀರು ಬೇಕು. ನಮ್ಮ ಹಾಸನವಾದರೋ ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿಯೂ ಮಾಗಿಯ ರಾತ್ರಿಗಳು ತಣ್ಣಗಿರುವುವು. ನೀರು ತಣಿದರೆ ಮೀನಿನ ಜೀರ್ಣಶಕ್ತಿ ಕುಗ್ಗಿ, ಅದು ಆಹಾರವನ್ನು ಒಲ್ಲದು.

ಆದುದರಿಂದ ಮೊದಲು ಉಷ್ಣಮಾಪಕದಿಂದ ನೀರನ್ನು ಪರೀಕ್ಷಿಸತಕ್ಕದ್ದು. ತಣ್ಣಗಿದ್ದರೆ ತೊಟ್ಟಿಯ ಹೀಟರಿನಿಂದ ಮೆಲ್ಲಮೆಲ್ಲನೆ ಬೆಚ್ಚಗೆ ಮಾಡಬೇಕು, ಬಿಸಿನೀರನ್ನು ಸುರಿಯಲಾಗದು. ಉಳಿದ ಕಾಳನ್ನು ತೆಗೆದು, ಕಾಲುಭಾಗ ನೀರನ್ನು ಬದಲಾಯಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ನಿವಾರಕವನ್ನು ಬೆರೆಸಿ, ತೊಟ್ಟಿಯಷ್ಟೇ ಬೆಚ್ಚಗಾದ ಮೇಲೆ ಹಾಕಬೇಕು. ಹೊಟ್ಟೆ ಉಬ್ಬಿದ್ದರೆ ಒಂದೆರಡು ದಿನದ ಉಪವಾಸವೇ ಔಷಧ. ಅನಂತರ ಶುದ್ಧ ನೀರಿನ ಒಂದೆರಡು ಸೊಳ್ಳೆಯ ಮರಿಹುಳುಗಳನ್ನು ಕೊಟ್ಟರೆ ಅನೇಕ ವೇಳೆ ಬಾಯಿ ತೆರೆಯುವುದು.

ನೀರು ಸರಿಯಿದ್ದೂ ವಾರವಿಡೀ ಉಣ್ಣದಿದ್ದರೆ, ಅಥವಾ ಮೈ ಊದಿ ಹುರುಪೆಗಳು ನಿಮಿರಿ ನಿಂತರೆ, ಅದು ರೋಗದ ಗುರುತು; ತಡಮಾಡದೆ ಮೀನಿನ ರೋಗಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಮೂಕಪ್ರಾಣಿಯು ಬಾಯಿಬಿಟ್ಟು ಹೇಳಲಾರದು. ಅದರ ನೀರನ್ನು ವಿಚಾರಿಸುವುದು ಸಾಕಿದವರ ಧರ್ಮ.