ಬಿಟ್ಟವನು ಗೆದ್ದ: ಯಂತ್ರವನ್ನೂ ತಡೆದ ಚದುರಂಗದ ಒಗಟುಗಳು

ಚದುರಂಗದ ಮಣೆಯಲ್ಲಿರುವ ಮನೆಗಳು ಕೇವಲ 64. ಆದರೆ ಆ ಮನೆಗಳಲ್ಲಿ ಅಡಗಿರುವ ದಾರಿಗಳನ್ನು ಎಣಿಸಿ ಮುಗಿಸಿದವರು ಯಾರೂ ಇಲ್ಲ. 1997ರ ಮೇ ತಿಂಗಳಲ್ಲಿ ‘ಡೀಪ್ ಬ್ಲೂ’ ಎಂಬ ಗಣಕಯಂತ್ರವು ಅಂದಿನ ಜಗಜ್ಜೇತ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಆರು ಆಟಗಳ ಪಂದ್ಯದಲ್ಲಿ ಸೋಲಿಸಿತು. ಇಂದು ಮಕ್ಕಳ ಕೈಯಲ್ಲಿರುವ ದೂರವಾಣಿಯೇ ಅದಕ್ಕಿಂತ ಬಲವಾಗಿ ಆಡಬಲ್ಲುದು. ಹೀಗಿರುವಾಗ ಮನುಷ್ಯನು ಮಣೆಯ ಮುಂದೆ ಕುಳಿತು ತಲೆ ಕೆಡಿಸಿಕೊಳ್ಳುವುದು ವ್ಯರ್ಥವಲ್ಲವೇ ಎಂಬ ಪ್ರಶ್ನೆ ಸಹಜವಾದುದು. ಮನುಷ್ಯರನ್ನೂ ಯಂತ್ರವನ್ನೂ ಎಡವಿಸಿದ ಕೆಲವು ಒಗಟುಗಳನ್ನು ಅವಲೋಕಿಸಿದರೆ ಇದಕ್ಕೆ ಉತ್ತರ ದೊರೆಯುವುದೆಂದು ನಾವು ಭಾವಿಸುತ್ತೇವೆ.

ಮೊದಲನೆಯದು ಮನುಷ್ಯರು ಎಡವಿದ ಕಥೆ. 1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪತ್ರಿಕೆಯೊಂದರಲ್ಲಿ ಜಾರ್ಜ್ ಬಾರ್ಬಿಯೆ ಎಂಬವರು ಒಂದು ಸಮಸ್ಯೆಯನ್ನು ಪ್ರಕಟಿಸಿದರು. ಬಿಳಿಯ ಪಕ್ಷದಲ್ಲಿ ರಾಜ ಮತ್ತು ಒಂದು ಕಾಲಾಳು. ಕಪ್ಪು ಪಕ್ಷದಲ್ಲಿ ರಾಜ ಮತ್ತು ಒಂದು ಆನೆ. ಕಾಲಾಳು ಕೊನೆಯ ಮನೆ ಮುಟ್ಟಿ ಮಂತ್ರಿಯಾಗುವುದು ಖಚಿತ. ಆದರೆ ಹಾಗಾದೊಡನೆ ಕಪ್ಪು ಆನೆ ಎದುರಿಗೆ ಬಂದು ನಿಂತು ರಾಜನಿಗೆ ಚೆಕ್ ಕೊಡುತ್ತದೆ. ಆನೆಯನ್ನು ಮಂತ್ರಿ ಹೊಡೆದರೆ, ಮೂಲೆಯಲ್ಲಿರುವ ಕಪ್ಪು ರಾಜನಿಗೆ ಚೆಕ್ ಇಲ್ಲದಿದ್ದರೂ ನಡೆಯಲು ಮನೆಯೇ ಉಳಿಯದೆ ಆಟ ಸಮನಾಗುತ್ತದೆ. ಹೊಡೆಯದಿದ್ದರೆ ಮಂತ್ರಿಯೇ ಹೋಗುತ್ತದೆ. ಆದುದರಿಂದ ಇದು ಸಮಬಲದ ಆಟವೆಂದೇ ಎಲ್ಲರೂ ಒಪ್ಪಿದ್ದರು.

ಆಗ ಗ್ಲಾಸ್ಗೋದಲ್ಲಿದ್ದ ಫರ್ನಾಂಡೋ ಸಾವೆದ್ರಾ ಎಂಬ ಸ್ಪೇನಿನ ಕ್ರೈಸ್ತ ಸಂನ್ಯಾಸಿ ಒಂದು ಮಾತು ಸೂಚಿಸಿದರು: ಕಾಲಾಳನ್ನು ಮಂತ್ರಿ ಮಾಡಬೇಡಿ, ಆನೆ ಮಾಡಿ. ಆನೆಗೆ ಓರೆ ನಡೆ ಇಲ್ಲದ ಕಾರಣ ಕಪ್ಪು ರಾಜನಿಗೆ ಒಂದು ಮನೆ ತೆರೆದಿರುತ್ತದೆ. ಸಮಬಲದ ಉಪಾಯ ಮುರಿದುಬೀಳುತ್ತದೆ. ಮರುನಡೆಯಲ್ಲೇ ರಾಜನನ್ನು ಕಟ್ಟುವ ಬೆದರಿಕೆ ಇರುವುದರಿಂದ ಕಪ್ಪು ಆನೆ ಬದಿಯ ಸಾಲಿಗೆ ಓಡಿ ಅಡ್ಡ ನಿಲ್ಲಲೇಬೇಕು. ಆಗ ಬಿಳಿಯ ರಾಜ ಒಂದು ಹೆಜ್ಜೆ ಮುಂದಿಟ್ಟರೆ ಸಾಕು. ಆನೆಗೂ ಅಪಾಯ, ರಾಜನಿಗೂ ಅಪಾಯ. ಎರಡನ್ನೂ ಉಳಿಸಿಕೊಳ್ಳುವ ದಾರಿ ಕಪ್ಪಿಗಿಲ್ಲ. ದೊಡ್ಡ ಪದವಿಯನ್ನು ಬಿಟ್ಟು ಚಿಕ್ಕದನ್ನು ಹಿಡಿದ ಈ ಒಂದೇ ನಡೆಯಿಂದ ಆ ಸಂನ್ಯಾಸಿಯ ಹೆಸರು ಚದುರಂಗದ ಇತಿಹಾಸದಲ್ಲಿ ಶಾಶ್ವತವಾಗಿ ನಿಂತಿದೆ.

ಇಂದಿನ ಯಂತ್ರ ಈ ಒಗಟನ್ನು ಕ್ಷಣಮಾತ್ರದಲ್ಲಿ ಬಿಡಿಸುತ್ತದೆ. ಏಕೆಂದರೆ ಇಲ್ಲಿರುವುದು ಕೆಲವೇ ನಡೆಗಳ ಲೆಕ್ಕ. ಲೆಕ್ಕದಲ್ಲಿ ಅದನ್ನು ಮೀರಿಸುವವರಿಲ್ಲ. ಅದು ಎಡವುವುದು ಬೇರೊಂದು ಕಡೆ.

ಇಂಗ್ಲೆಂಡಿನ ಗಣಿತಜ್ಞ ರೋಜರ್ ಪೆನ್‌ರೋಸ್ ಅವರು 1994ರಲ್ಲಿ ಪ್ರಕಟವಾದ ತಮ್ಮ ‘ಶ್ಯಾಡೋಸ್ ಆಫ್ ದಿ ಮೈಂಡ್’ ಗ್ರಂಥದಲ್ಲಿ ಒಂದು ಪ್ರಸಂಗವನ್ನು ವಿವರಿಸಿದ್ದಾರೆ. ಬಿಳಿಯ ಕಾಲಾಳುಗಳು ಎದುರಿನ ಕಾಲಾಳುಗಳೊಡನೆ ಮುಖಾಮುಖಿಯಾಗಿ ನಿಂತು ಮಣೆಗೆ ಅಡ್ಡಲಾಗಿ ಗೋಡೆ ಕಟ್ಟಿವೆ. ಕಪ್ಪಿಗೆ ಎರಡು ಆನೆ, ಒಂದು ಒಂಟೆ ಅಧಿಕವಾಗಿದ್ದರೂ ಗೋಡೆ ದಾಟುವ ದಾರಿಯಿಲ್ಲ. ಬಿಳಿಯ ರಾಜ ಗೋಡೆಯ ಹಿಂದೆ ಸುಮ್ಮನೆ ಓಡಾಡುತ್ತಿದ್ದರೆ ಆಟ ಸಮ. ಆದರೆ ಕಪ್ಪಿನ ಆನೆಯೊಂದು ಕಾಲಾಳಿನ ಬಾಯಿಗೇ ಬಂದು ನಿಂತಿದೆ! ಡೀಪ್ ಬ್ಲೂವಿನ ಹಿಂದಿನ ತಲೆಮಾರಿನ ‘ಡೀಪ್ ಥಾಟ್’ ಯಂತ್ರಕ್ಕೆ ಬಿಳಿಯ ಪಕ್ಷವನ್ನು ಕೊಟ್ಟಾಗ ಅದು ಆ ಆನೆಯನ್ನು ಹೊಡೆಯಿತು, ಗೋಡೆ ಬಿರುಕು ಬಿಟ್ಟಿತು, ಯಂತ್ರ ಸೋತಿತು. 1988ರಲ್ಲಿ ಬೆಂಟ್ ಲಾರ್ಸೆನ್ ಅವರಂಥ ಗ್ರ್ಯಾಂಡ್‌ಮಾಸ್ಟರರನ್ನು ಸೋಲಿಸಿದ್ದ ಯಂತ್ರವದು.

ಕಾರಣ ಸ್ಪಷ್ಟ. ಯಂತ್ರವು ಕಾಯಿಗಳ ಬೆಲೆಯನ್ನು ಕೂಡಿಸಿ, ಒಂದು ಮಿತಿಯವರೆಗೆ ಮುಂದಿನ ನಡೆಗಳನ್ನು ನೋಡಿತು. ಆನೆ ಸಿಕ್ಕಿದರೆ ಲಾಭವೆಂದಿತು ಲೆಕ್ಕ. ಗೋಡೆ ಎಂದೆಂದಿಗೂ ನಿಲ್ಲುವುದೆಂಬ ಮಾತು ಯಾವ ನಡೆಯ ಲೆಕ್ಕದಲ್ಲೂ ಬರಲಿಲ್ಲ.

2017ರಲ್ಲಿ ಪೆನ್‌ರೋಸ್ ಅವರ ಹೆಸರಿನ ಸಂಸ್ಥೆಯು ಇಂಥದೇ ಇನ್ನೊಂದು ಒಗಟನ್ನು ಲೋಕದ ಮುಂದಿಟ್ಟಿತು. ಕಪ್ಪಿಗೆ ಮಂತ್ರಿ, ಎರಡು ಆನೆ, ಮೂರು ಒಂಟೆ. ಬಿಳಿಗೆ ರಾಜ ಮತ್ತು ನಾಲ್ಕು ಕಾಲಾಳು ಮಾತ್ರ. ಯಂತ್ರಗಳು ಕಪ್ಪಿಗೇ ಜಯವೆಂದವು. ಆದರೆ ಕಪ್ಪಿನ ಮಂತ್ರಿಯೂ ಆನೆಗಳೂ ಕಾಲಾಳುಗಳ ನಡುವೆ ಸೆರೆಯಾಗಿವೆ. ಒಂಟೆಗಳು ಮೂರೂ ಕಪ್ಪು ಮನೆಗಳಲ್ಲೇ ಸಂಚರಿಸತಕ್ಕವು. ಬಿಳಿಯ ರಾಜ ಬಿಳಿಯ ಮನೆಗಳನ್ನು ಬಿಡದಿದ್ದರೆ ಅವನನ್ನು ಮುಟ್ಟುವವರಿಲ್ಲ. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಇಬ್ಬರೂ ಐವತ್ತೈವತ್ತು ನಡೆ ಕಳೆದರೆ ಆಟ ಸಮವೆಂಬುದು ನಿಯಮ.

ಹಿಂದೊಮ್ಮೆ ಧಾರವಾಡದ ಕಡೆಯ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದಾಗ ಈ ಒಗಟನ್ನು ಮಣೆಯ ಮೇಲೆ ಹೂಡಿದೆವು. ಮೂರನೆಯ ಒಂಟೆಯಿಲ್ಲದೆ ಹುಣಿಸೆಬೀಜವಿಟ್ಟೆವು. ಮನೆಯ ಹುಡುಗ ದೂರವಾಣಿ ನೋಡಿ, “ಅಜ್ಜಾರ, ಕಪ್ಪು ಗೆಲ್ಲತದ ಅಂತ ತೋರಸಾಕತ್ತದ, ಮುಗೀತು” ಎಂದು ಏಳಹೊರಟ. “ಹಾಗಾದರೆ ಗೆದ್ದು ತೋರಿಸಪ್ಪ” ಎಂದೆವು. ದೀಪ ಹಚ್ಚುವ ಹೊತ್ತಿನವರೆಗೆ ಒಂಟೆಗಳನ್ನು ಓಡಾಡಿಸಿದ. ನಮ್ಮ ರಾಜನನ್ನು ಮುಟ್ಟಲಾಗಲಿಲ್ಲ. ಕೊನೆಗೆ ದೂರವಾಣಿಯನ್ನು ಬದಿಗಿಟ್ಟು, “ಇವು ಬಿಳೀ ಮನಿಗೆ ಬರೂದ ಇಲ್ಲಲ್ರೀ!” ಎಂದ. ಉತ್ತರವನ್ನು ಕೈಯಲ್ಲೇ ಹಿಡಿದಿದ್ದವನು ಅಂದು ಮೊದಲ ಬಾರಿಗೆ ಪ್ರಶ್ನೆಯನ್ನು ನೋಡಿದ.

ಹೀಗೆಂದು ಯಂತ್ರವನ್ನು ಹೀಗಳೆಯುವುದು ಸಲ್ಲದು. ಡೀಪ್‌ಮೈಂಡ್ ಸಂಸ್ಥೆಯ ಸಂಶೋಧಕರು 2023ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ‘ಆಲ್ಫಾಜೀರೋ’ ಯಂತ್ರವನ್ನು ಒಂಟಿಯಾಗಿ ಬಿಡದೆ, ಬೇರೆ ಬೇರೆ ರೀತಿಯಲ್ಲಿ ಆಡುವ ಒಂದು ತಂಡವನ್ನಾಗಿ ರೂಪಿಸಿದರು. ಒಂಟಿ ಯಂತ್ರ ಬಿಡಿಸಿದ್ದಕ್ಕಿಂತ ಎರಡರಷ್ಟು ಕಠಿಣ ಒಗಟುಗಳನ್ನು ಆ ತಂಡ ಬಿಡಿಸಿತು. ಪೆನ್‌ರೋಸ್ ಒಗಟುಗಳೂ ಅವುಗಳಲ್ಲಿದ್ದವು. ಒಬ್ಬರು ಕಾಣದ್ದನ್ನು ಇನ್ನೊಬ್ಬರು ಕಾಣುವರೆಂಬ ಮಾತು ಯಂತ್ರಕ್ಕೂ ಅನ್ವಯಿಸಿತು.

ಆದುದರಿಂದ ಮಕ್ಕಳ ಕೈಯಿಂದ ಯಂತ್ರವನ್ನು ಕಸಿಯಬೇಕೆಂದು ನಾವು ಹೇಳುವುದಿಲ್ಲ. ಅದು ಉತ್ತರ ಹೇಳಿದ ಮೇಲೆ ‘ಹೌದೇ? ಆಡಿ ನೋಡೋಣ’ ಎನ್ನುವ ಒಬ್ಬ ಹಿರಿಯರು ಎದುರಿಗಿರಬೇಕು. ಸಾವೆದ್ರಾ ಮಂತ್ರಿಯನ್ನು ಬಿಟ್ಟು ಗೆದ್ದರು. ಡೀಪ್ ಥಾಟ್ ಆನೆಯನ್ನು ಹಿಡಿದು ಸೋತಿತು. ಎದುರಿಗೆ ಬಂದ ಲಾಭವನ್ನು ಮುಟ್ಟುವ ಮೊದಲು ಗೋಡೆಯನ್ನೊಮ್ಮೆ ನೋಡುವ ತಾಳ್ಮೆ ಮಣೆಯ ಮುಂದೆ ಕುಳಿತೇ ಬರತಕ್ಕದ್ದು. ಮನೆಯ ಅಟ್ಟದ ಮೇಲೆ ಹಳೆಯ ಚದುರಂಗದ ಪೆಟ್ಟಿಗೆಯಿದ್ದರೆ ಈ ಸಂಜೆಯೇ ಇಳಿಸಿರಿ. ಕಾಯಿ ಕಡಿಮೆ ಬಿದ್ದರೆ ಹುಣಿಸೆಬೀಜ ಸಾಕು.