ತಿರುವಿನ ವಂಶಾವಳಿ

ಕಡಬದಿಂದ ಪಂಜದ ಕಡೆಗೆ ಹೊರಟವರಿಗೆ ಕೋಡಿಂಬಾಳದಲ್ಲಿ ಎರಡು ಬಗೆಯ ತಿರುವುಗಳು ಕಾಣಸಿಗುತ್ತವೆ: ಗುಡ್ಡದ ಮಗ್ಗುಲನ್ನೂ ಅಡಕೆತೋಟದ ಅಂಚನ್ನೂ ಅನುಸರಿಸಿ ಬಾಗುವ ಡಾಮರು ರಸ್ತೆಯದು ಒಂದು, 1979ರಲ್ಲಿ ಮೀಟರ್ ಗೇಜಾಗಿ ಪೂರ್ಣಗೊಂಡು, ತರುವಾಯ ಬ್ರಾಡ್‌ಗೇಜಿಗೆ ಪರಿವರ್ತಿತವಾದ ಹಾಸನ–ಮಂಗಳೂರು ರೈಲುಹಳಿಯದು ಇನ್ನೊಂದು. ಮೊದಲನೆಯದನ್ನು ನೆಲವೂ ಎರಡನೆಯದನ್ನು ಗಣಿತವೂ ಬಾಗಿಸಿವೆ. ಇಂದು ಗಣಕದ ಪರದೆಯ ಮೇಲೆ ಬಡಾವಣೆಯೊಂದರ ರಸ್ತೆಯನ್ನು ರೂಪಿಸುವ ವಾಸ್ತುಶಿಲ್ಪಿಯು, ತಿಳಿದೋ ತಿಳಿಯದೆಯೋ, ಈ ಎರಡಕ್ಕೂ ಉತ್ತರಾಧಿಕಾರಿ.

ನೇರ ಹಳಿಯಲ್ಲಿ ಸಾಗುತ್ತಿದ್ದ ಗಾಡಿ ಒಮ್ಮೆಲೇ ವೃತ್ತದ ಕಂಸವನ್ನು ಹೊಕ್ಕರೆ ಪ್ರಯಾಣಿಕನ ಮೈ ಪಕ್ಕಕ್ಕೆ ಎಳೆಯಲ್ಪಡುತ್ತದೆ, ಹಳಿಯೂ ಸವೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ರೈಲ್ವೆ ಇಂಜಿನಿಯರರು ಇದಕ್ಕೆ ಕಂಡುಕೊಂಡ ಪರಿಹಾರವು, ಸಾಗಿದ ದೂರಕ್ಕೆ ಅನುಗುಣವಾಗಿ ವಕ್ರತೆ ತಾನೇ ಹೆಚ್ಚುತ್ತ ಹೋಗುವ ಸುರುಳಿರೇಖೆ. 1744ರಲ್ಲಿಯೇ ಗಣಿತಜ್ಞ ಆಯ್ಲರನು ಬಾಗುವ ಪಟ್ಟಿಗಳ ವಿಚಾರದಲ್ಲಿ ವಿವರಿಸಿದ್ದ ಈ ರೇಖೆಯನ್ನು ಹಳಿಗೆ ಅಳವಡಿಸಿದವರಲ್ಲಿ ಅಮೆರಿಕದ ಆರ್ಥರ್ ಟಾಲ್ಬಟ್ ಪ್ರಮುಖನು. ಹಳಿಯಿಂದ ಅದು ಹೆದ್ದಾರಿಗೆ ಇಳಿದುಬಂದಿತು. ನಮ್ಮ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡಗಳೂ ಅದನ್ನೇ ಅಂಗೀಕರಿಸಿವೆ. ಹಿಮ ಬೀಳದ ಗುಡ್ಡಗಾಡಿನಲ್ಲಿ ತಿರುವಿನ ಹೊರ ಅಂಚನ್ನು ಶೇ. 10ರ ಓರೆಯವರೆಗೆ ಎತ್ತರಿಸಬಹುದೆಂಬ ಅವುಗಳ ಲೆಕ್ಕದಂತೆ, ಗಂಟೆಗೆ 30 ಕಿ.ಮೀ. ವೇಗಕ್ಕೆ 30 ಮೀಟರ್ ತ್ರಿಜ್ಯ ಸಾಲುತ್ತದೆ, 40 ಕಿ.ಮೀ. ವೇಗಕ್ಕೆ 50 ಮೀಟರ್ ಬೇಕಾಗುತ್ತದೆ.

ಗಣಕದ ರೇಖೆಯ ಮೂಲವಾದರೋ ಬೇರೆ. ಹಡಗು ಕಟ್ಟುವವರು ತೆಳುವಾದ ಮರದ ಪಟ್ಟಿಯನ್ನು ಸೀಸದ ಗುಂಡುಗಳಿಂದ ಒತ್ತಿ ಬಾಗಿಸಿ ಗೆರೆ ಎಳೆಯುತ್ತಿದ್ದರು. ಆ ನಯವನ್ನು ಅಂಕಿಗಳಲ್ಲಿ ಹಿಡಿಯುವ ವಿಧಾನವನ್ನು 1959ರಲ್ಲಿ ಸಿಟ್ರೋಯೆನ್ ಕಾರ್ಖಾನೆಯ ದ ಕಾಸ್ಟೆಲ್ಜೋ, ಅನಂತರ ರೆನೋ ಕಾರ್ಖಾನೆಯ ಬೆಜಿಯೆ ರೂಪಿಸಿದರು. 1982ರ ಆಟೋಕ್ಯಾಡ್, ಅದರ ಬೆನ್ನಿಗೇ ಹಂಗೇರಿಯಲ್ಲಿ ಜನಿಸಿದ ಆರ್ಕಿಕ್ಯಾಡ್ ಮೊದಲಾದ ತಂತ್ರಾಂಶಗಳು ಕ್ರಮೇಣ ಈ ಪರಂಪರೆಯನ್ನು ಮೈಗೂಡಿಸಿಕೊಂಡವು. ಆದರೆ ಆರ್ಕಿಕ್ಯಾಡಿನಂತಹವು ಗೋಡೆ, ಚಾವಣಿಗಳಿಗಾಗಿ ಹುಟ್ಟಿದ ಸಾಧನಗಳಾದುದರಿಂದ, ರಸ್ತೆಯನ್ನು ಅವು ಒಂದು ಚಪ್ಪಡಿಯಂತೆಯೋ ಬಲೆಯ ಮೇಲ್ಮೈಯಂತೆಯೋ ಕಾಣುತ್ತವೆ. ಕಾರಿನ ಮೈಗೆಂದು ಹುಟ್ಟಿದ ಆ ನಯವಾದ ರೇಖೆ ಕಣ್ಣಿಗೆ ಹಿತವಾದರೂ ಅದರ ತ್ರಿಜ್ಯ ಒಂದೊಂದು ಬಿಂದುವಿನಲ್ಲಿ ಒಂದೊಂದು. ಆಯ್ಲರನ ಸುರುಳಿಯನ್ನು ಅದು ಸಮೀಪಿಸಬಲ್ಲದೇ ಹೊರತು ನಿಖರವಾಗಿ ತಾನದಾಗದು. ಆದ್ದರಿಂದಲೇ ಸಿವಿಲ್ 3ಡಿಯಂತಹ ತಂತ್ರಾಂಶಗಳು ಮೊದಲು ಸರಳರೇಖೆ, ಸುರುಳಿ, ಕಂಸಗಳಿಂದ ಮಾರ್ಗದ ನಡುಗೆರೆಯನ್ನು ಕಟ್ಟಿ, ಬಳಿಕ ಏರಿಳಿತವನ್ನು ನಿಗದಿಪಡಿಸಿ, ಕೊನೆಗೆ ಅಡ್ಡಕೊಯ್ತದ ಆಕಾರವನ್ನು ಅದರುದ್ದಕ್ಕೂ ಹರಿಸುತ್ತವೆ.

ಕೂಡುರಸ್ತೆಯಲ್ಲಿ ವಿದ್ಯೆಯ ನಿಜವಾದ ಪರೀಕ್ಷೆ. 7 ಮೀಟರ್ ಅಗಲದ ರಸ್ತೆಗೆ ಶೇ. 2.5ರ ಓರೆಯಿದ್ದರೆ ಅದರ ನಡುಬೆನ್ನು ಅಂಚಿಗಿಂತ ಸುಮಾರು 9 ಸೆಂಟಿಮೀಟರ್ ಮೇಲಿರುತ್ತದೆ. ಇಂತಹ ಎರಡು ಬೆನ್ನುಗಳು ಸಂಧಿಸುವಲ್ಲಿ ಎರಡನ್ನೂ ಹಾಗೆಯೇ ಉಳಿಸಿಕೊಂಡರೆ ಪ್ರಧಾನ ರಸ್ತೆಯ ವಾಹನ ಕುಲುಕುತ್ತದೆ. ಆದುದರಿಂದ ಪ್ರಧಾನ ರಸ್ತೆಯ ಬೆನ್ನನ್ನು ಕಾಯ್ದು, ಪಕ್ಕದ ರಸ್ತೆಯ ಬೆನ್ನನ್ನು ಮೆಲ್ಲನೆ ಕರಗಿಸಿ ಪ್ರಧಾನ ರಸ್ತೆಯ ಅಂಚಿಗೆ ಸೇರಿಸಬೇಕು. ಗುಡ್ಡದಿಂದ ಇಳಿದುಬರುವ ರಸ್ತೆಯಾದರೆ, ಆಷಾಢದ ನೀರು ಕೆಮ್ಮಣ್ಣನ್ನು ಹೊತ್ತು ಪ್ರಧಾನ ರಸ್ತೆಗೆ ನುಗ್ಗುವ ಮುನ್ನವೇ ಅದನ್ನು ಚರಂಡಿಗೆ ತಿರುಗಿಸಿ ಮೋರಿಯ ಮೂಲಕ ದಾಟಿಸುವ ತಗ್ಗೊಂದನ್ನು ಮಾದರಿಯಲ್ಲಿಯೇ ಕಲ್ಪಿಸಬೇಕು.

ಕೆಲವೇ ಸೆಂಟಿಮೀಟರುಗಳ ಈ ವಿವರವನ್ನು ಕ್ಷುಲ್ಲಕವೆಂದೆಣಿಸಿ, ಚಿತ್ರ ಸುಂದರವಾಗಿ ಮೂಡಿದೊಡನೆ ಕೆಲಸ ಮುಗಿಯಿತೆಂದು ತೃಪ್ತರಾಗುವುದು ಸಲ್ಲದು. ಮಳೆಗಾಲದ ಮುಂಜಾನೆ ಶಾಲೆಗೆ ನಡೆಯುವ ಮಗುವೂ ಹಾಲಿನ ಕ್ಯಾನು ಹೊತ್ತ ಬೈಕಿನ ಸವಾರನೂ ಆ ಸೆಂಟಿಮೀಟರುಗಳ ಮೇಲೆಯೇ ಸಾಗಬೇಕಾದವರು. ನೆಲದ ಮಟ್ಟವನ್ನು ಸ್ವತಃ ಅಳೆದು, ವಾಹನದ ವೇಗವನ್ನೂ ನೀರಿನ ಹರಿವನ್ನೂ ಲೆಕ್ಕಕ್ಕೆ ತಂದುಕೊಂಡು, ಅನಂತರವೇ ಗೆರೆಯೆಳೆಯುವ ಶಿಸ್ತನ್ನು ನಮ್ಮ ತರುಣ ವಾಸ್ತುಶಿಲ್ಪಿಗಳಿಗೆ ತಂತ್ರಾಂಶದ ಮೊದಲ ಪಾಠದೊಡನೆಯೇ ಕಲಿಸುವುದು ವಿಹಿತ.